ನಮ್ಮ ಎಮ್ಮೆಲ್ಲೆ ವಾರವಿಡೀ ಏನು ಮಾಡುತ್ತಾರೆ? ಗೊತ್ತಿರುವವರು ಹೇಳಿ

ಹೇಮಾವತಿ ದಂಡೆ · ಸೋಮವಾರ ರಾತ್ರಿ 9:15

ಇವತ್ತು ಬೆಳಗ್ಗೆ ಆರೂವರೆಗೆ ದೊಡ್ಡಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಶಾಸಕರ ಮನೆಗೆ ಹೋಗಿದ್ದೆ. ಯಾವ ಕ್ಷೇತ್ರ ಅಂತ ಬರೆಯಲ್ಲ. ಹಾಸನ ಜಿಲ್ಲೆಯಲ್ಲಿ ಏಳು ಇವೆ, ಅದರಲ್ಲಿ ಒಂದು ಅಂದುಕೊಳ್ಳಿ. ಪಕ್ಷದ ಜಗಳ ಮಾಡುವವರು ದಯವಿಟ್ಟು ಬೇರೆ ಕಡೆ ಮಾಡಿಕೊಳ್ಳಿ.

ದೊಡ್ಡಪ್ಪ ತೀರಿಕೊಂಡು ಎರಡು ವರ್ಷ ಆಯ್ತು. ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಇನ್ನೂ ಆಗಿಲ್ಲ. ಪಹಣಿಯಲ್ಲಿ ಹೆಸರಿನ ಕೊನೆಗೆ 'ಗೌಡ' ಇದೆ, ಮರಣ ಪತ್ರದಲ್ಲಿ ಇಲ್ಲ. ಇಬ್ಬರೂ ಒಬ್ಬರೇ ಅಂತ ಊರಿಗೆಲ್ಲಾ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ತಾಲ್ಲೂಕು ಕಚೇರಿಗೆ ಏಳು ಸಲ ಅಲೆದಾಯ್ತು. ಎಂಟನೇ ಸಲ ದೊಡ್ಡಮ್ಮ ಹಟ ಹಿಡಿದರು, 'ನಡಿ, ಎಮ್ಮೆಲ್ಲೆ ಮನೆಗೇ ಹೋಗೋಣ'.

ಅಂಗಳದಲ್ಲಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳು ಆಗಲೇ ತುಂಬಿದ್ದವು. ಕಾಯುತ್ತಾ ಸುಮ್ನೆ ಜನ ಎಣಿಸಿದೆ, ಪಕ್ಕದವರನ್ನು ಮಾತಾಡಿಸಿದೆ. ನಲವತ್ಮೂರು ಜನ. ಊರಿನ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟು ಹತ್ತು ದಿನ ಆಯ್ತು ಅನ್ನುವವರು. ಸೊಸೆಯ ವರ್ಗಾವಣೆಗೆ ಬಂದವರು. ಆಸ್ಪತ್ರೆ ಬಿಲ್ಲು ಹಿಡಿದು ಮುಖ್ಯಮಂತ್ರಿ ಪರಿಹಾರ ನಿಧಿಗೆ ಪತ್ರ ಬರೆಸಲು ಬಂದವರು. ಸರ್ಕಾರಿ ಜಮೀನು ಉಳುತ್ತಾ ಅದಕ್ಕೆ ಹಕ್ಕು ಕೇಳುವ ಬಗರ್ ಹುಕುಂನವರು ಜಾಸ್ತಿ. ಅಣ್ಣತಮ್ಮಂದಿರ ಬೇಲಿ ಜಗಳವೂ ಒಂದಿತ್ತು, ಅಣ್ಣ ಒಂದು ಮೂಲೆಯಲ್ಲಿ, ತಮ್ಮ ಇನ್ನೊಂದು ಮೂಲೆಯಲ್ಲಿ. ಮದುವೆ ಪತ್ರಿಕೆ ಕೊಡಲು ಬಂದವರೇ ಆರು ಜನ. ವಿಧಾನಸಭೆಯಲ್ಲಿ ಹೀಗೆ ಮಾತಾಡಿ, ಈ ಕಾನೂನು ಬದಲಾಯಿಸಿ ಅಂತ ಹೇಳಲು ಬಂದವರು ಒಬ್ಬರೂ ಇರಲಿಲ್ಲ. ನಾನೂ ಅದಕ್ಕೆ ಹೋಗಿರಲಿಲ್ಲ ಬಿಡಿ.

ಒಂಬತ್ತಕ್ಕೆ ನಮ್ಮ ಸರದಿ. ಸಿಕ್ಕಿದ್ದು ಎರಡು ನಿಮಿಷ. ಅರ್ಜಿಯ ಮೂಲೆಯಲ್ಲಿ ಏನೋ ಬರೆದು ಸಹಿ ಹಾಕಿ, 'ತಹಸೀಲ್ದಾರರಿಗೆ ಕೊಡಿ ಅಮ್ಮ' ಎಂದರು. ದೊಡ್ಡಮ್ಮ ಆ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ದಾರಿಯುದ್ದಕ್ಕೂ ಎದೆಗೊತ್ತಿ ಹಿಡಿದಿದ್ದರು. ಹೊಂಡ ಬಂದಾಗಲೂ ನನ್ನನ್ನು ಹಿಡಿದುಕೊಳ್ಳಲಿಲ್ಲ, ಕಾಗದವನ್ನೇ ಹಿಡಿದರು.

ಒಂದು ಹೆಸರು ಸರಿ ಮಾಡಿಸಲು ಶಾಸಕರ ಮನೆ ಬಾಗಿಲಿಗೆ ಹೋಗಬೇಕಾ? ಇದು ಅವರ ಕೆಲಸವಾ? ಹಾಗಾದರೆ ನಿಜವಾದ ಕೆಲಸ ಯಾವಾಗ ಮಾಡುತ್ತಾರೆ?

ಬಿಸಿಲೆ ಗಾಳಿ · ಸೋಮವಾರ ರಾತ್ರಿ 9:31

ಮದುವೆ, ತಿಥಿ, ಗುದ್ದಲಿ ಪೂಜೆ. ವಾರ ಮುಗಿಯಿತು. ಮುಂದಿನ ಪ್ರಶ್ನೆ?

ಹಳೇ ಪಿಎ · ಸೋಮವಾರ ರಾತ್ರಿ 10:20

ಬಿಸಿಲೆ ಅವರೇ, ನಗು ಬಂತು. ಆದರೆ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ನಾನು ಒಬ್ಬ ಶಾಸಕರ ಹತ್ತಿರ ಆಪ್ತ ಸಹಾಯಕನಾಗಿ ಒಂದು ಅವಧಿ ಇದ್ದವನು. ಈಗ ಯಾವ ಪಕ್ಷದಲ್ಲೂ ಇಲ್ಲ, ಅಡಿಕೆ ಸುಲಿಸಿಕೊಂಡು ಇದ್ದೇನೆ. ಅಧಿವೇಶನ ಇಲ್ಲದ ವಾರ ಹೇಗಿರುತ್ತಿತ್ತು ಅಂತ ಬರೆಯುತ್ತೇನೆ.

ಸೋಮವಾರ ನೀವು ನೋಡಿದ ಹಾಗೆಯೇ. ಹತ್ತು ಗಂಟೆವರೆಗೆ ಮನೆ ಮುಂದೆ ಜನ, ಆಮೇಲೆ ತಾಲ್ಲೂಕು ಕೇಂದ್ರದಲ್ಲಿ ಒಂದಲ್ಲ ಒಂದು ಸಭೆ. ಮಂಗಳವಾರ ನಾಲ್ಕೂವರೆಗೆ ಎದ್ದು ಬೆಂಗಳೂರು. ಹಾಸನದಿಂದ ಸುಮಾರು 185 ಕಿಲೋಮೀಟರ್, ಕಾರಿನಲ್ಲೇ ನಿದ್ದೆ. ವಿಧಾನಸೌಧ, ವಿಕಾಸಸೌಧ, ಎಂ.ಎಸ್. ಬಿಲ್ಡಿಂಗ್. ಒಂದು ಸೇತುವೆಯ ಕಡತ ಆರ್ಥಿಕ ಇಲಾಖೆಯಲ್ಲಿ ಕೂತಿದ್ದರೆ ಅದರ ಹಿಂದೆ ಓಡಾಡುವುದು. ಇದನ್ನು ಯಾರೂ ಫೋಟೋ ತೆಗೆಯಲ್ಲ. ನಾನು ನೋಡಿದ ಮಟ್ಟಿಗೆ ಕ್ಷೇತ್ರಕ್ಕೆ ಬರುವ ದೊಡ್ಡ ದುಡ್ಡೆಲ್ಲಾ ಈ ಓಡಾಟದಿಂದಲೇ ಬರುವುದು.

ಶಾಸಕರ ಭವನದ ರೂಮಿನ ಕಥೆಯೇ ಬೇರೆ. ರೂಮು ಶಾಸಕರ ಹೆಸರಲ್ಲಿ. ಮಲಗುವವರು ಮಾತ್ರ ಕಿದ್ವಾಯಿಗೋ ಜಯದೇವಕ್ಕೋ ನಿಮ್ಹಾನ್ಸ್‌ಗೋ ಬಂದ ನಮ್ಮೂರಿನವರು. ಒಂದು ರಾತ್ರಿ ಬಾಗಿಲು ತೆಗೆದರೆ ನೆಲದ ಮೇಲೆ ಕಾಲಿಡಲು ಜಾಗ ಇರಲಿಲ್ಲ. ನಮ್ಮ ಸಾಹೇಬರು ಬಾಗಿಲಲ್ಲೇ ನಿಂತು ನೋಡಿ, 'ಎಬ್ಬಿಸಬೇಡ ಕಣೋ' ಅಂತ ಹೇಳಿ ಸ್ನೇಹಿತರ ಮನೆಗೆ ಹೋದರು.

ಬುಧ ಅಥವಾ ಗುರುವಾರ ವಾಪಸ್ಸು. ಶುಕ್ರವಾರ, ಶನಿವಾರ ಹಳ್ಳಿ. ಭಾನುವಾರ ಮದುವೆ. ಒಂದೇ ಭಾನುವಾರ ಹನ್ನೊಂದು ಛತ್ರ ಹತ್ತಿದ್ದೇವೆ. ಎಲ್ಲೂ ಊಟ ಮಾಡುವ ಹಾಗಿಲ್ಲ. ಒಂದು ಕಡೆ ಎಲೆ ಮುಂದೆ ಕೂತರೆ ಉಳಿದ ಹತ್ತು ಮನೆಯವರಿಗೆ ಕೋಪ. ಸಂಜೆ ನಾಲ್ಕಕ್ಕೆ ರಸ್ತೆ ಬದಿ ಹೋಟೆಲಿನಲ್ಲಿ ಇಡ್ಲಿ.

ಅದಕ್ಕೇ ನಮಗೆ ಆಷಾಢ ಅಂದರೆ ಇಷ್ಟ. ಮದುವೆ ಇಲ್ಲ, ಕಡತ ಓಡುತ್ತವೆ. ಆದರೆ ಅದೇ ತಿಂಗಳು ಮಲೆನಾಡಿನ ಕಡೆ ಮಳೆ. ಮರ ಬಿತ್ತು, ಕಂಬ ಮುರಿಯಿತು, ಗುಡ್ಡ ಜಾರಿತು ಅಂತ ಫೋನು.

ಹೇಮಾವತಿ ದಂಡೆ ಅವರೇ, ಒಂದು ಕೇಳಬೇಕು. ನಿಮ್ಮ ಅರ್ಜಿಯ ಮೂಲೆಯಲ್ಲಿ ಏನು ಬರೆದಿದ್ದಾರೆ? ಹಾಗೇ ನೋಡಿ ಹೇಳಿ.

ಹೇಮಾವತಿ ದಂಡೆ · ಸೋಮವಾರ ರಾತ್ರಿ 10:34

ದೊಡ್ಡಮ್ಮ ಮಲಗಿದ್ದಾರೆ. ಕಾಗದ ಅವರ ದಿಂಬಿನ ಕೆಳಗಿದೆ. ಬೆಳಗ್ಗೆ ಹೇಳ್ತೀನಿ.

ಮೂರನೇ ವಾರ್ಡು · ಮಂಗಳವಾರ ಬೆಳಗ್ಗೆ 7:05

ನಾನು ಗ್ರಾಮ ಪಂಚಾಯಿತಿಯಲ್ಲಿ ಸದಸ್ಯೆಯಾಗಿ ಕೆಲಸ ಮಾಡಿದವಳು. ಜನ ಯಾಕೆ ಎಮ್ಮೆಲ್ಲೆ ಮನೆಗೆ ನುಗ್ಗುತ್ತಾರೆ ಅನ್ನುವುದಕ್ಕೆ ನನಗೆ ಕಾಣುವ ಕಾರಣ ಒಂದಿದೆ. ಮಧ್ಯದ ಮೆಟ್ಟಿಲು ಇಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ಚುನಾವಣೆ ಆಗಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಅಧಿಕಾರಿಗಳದ್ದೇ ಆಡಳಿತ. ಮೊದಲು ನಮ್ಮ ಹೋಬಳಿಯಲ್ಲಿ ಶಾಲೆ ಹೆಂಚು ಒಡೆದರೆ, ಕೊಳವೆಬಾವಿ ಮೋಟರ್ ಕೆಟ್ಟರೆ ಜಿಲ್ಲಾ ಪಂಚಾಯಿತಿ ಸದಸ್ಯರನ್ನು ಹಿಡಿಯುತ್ತಿದ್ದೆವು. ಸಂತೆಯಲ್ಲೇ ಸಿಗುತ್ತಿದ್ದರು. ಈಗ ಗ್ರಾಮ ಪಂಚಾಯಿತಿ ಬಿಟ್ಟರೆ ನೇರ ಎಮ್ಮೆಲ್ಲೆ. ನಲವತ್ಮೂರು ಜನ ಬರದೆ ಇನ್ನೇನು?

ಇನ್ನೊಂದು ಮಾತು. ಗಂಡಸರಿಗೆ ಇದು ಗೊತ್ತಾಗಲ್ಲ. ಕಚೇರಿಯಲ್ಲಿ ನಮ್ಮಂಥ ಹೆಂಗಸರು ಹೋದರೆ ಕಿಟಕಿ ಹೊರಗೆ ನಿಂತೇ ಮಾತಾಡಬೇಕು. ಎಮ್ಮೆಲ್ಲೆ ಅಂಗಳದಲ್ಲಿ ಒಂದು ಕುರ್ಚಿ ಕೊಡುತ್ತಾರೆ, ಕಾಫಿ ಕೊಡುತ್ತಾರೆ. ಕೆಲಸ ಆಗುತ್ತೋ ಬಿಡುತ್ತೋ, ಕೂರಿಸಿ ಕೇಳಿದರಲ್ಲ ಅನ್ನುವುದು ದೊಡ್ಡದು.

ಹೇಮಾವತಿ ದಂಡೆ · ಮಂಗಳವಾರ ಬೆಳಗ್ಗೆ 7:48

ಅಕ್ಕ, ಕುರ್ಚಿಯ ಮಾತು ನಿಜ. ದೊಡ್ಡಮ್ಮ ರಾತ್ರಿ ಅದನ್ನೇ ಎರಡು ಸಲ ಹೇಳಿದರು.

ಪಿಎ ಸಾರ್, ಕಾಗದ ನೋಡಿದೆ. 'ತಹಸೀಲ್ದಾರ್, ನಿಯಮಾನುಸಾರ ಕ್ರಮ ವಹಿಸಿ' ಅಂತಿದೆ.

ಹಳೇ ಪಿಎ · ಮಂಗಳವಾರ ಬೆಳಗ್ಗೆ 8:10

ಹಾಗಾ. ಬೇಜಾರು ಮಾಡಿಕೊಳ್ಳಬೇಡಿ, ಒಳಗಿನ ವಿಷಯ ಹೇಳುತ್ತೇನೆ. 'ನಿಯಮಾನುಸಾರ' ಅಂದರೆ ನಿಯಮದ ಪ್ರಕಾರ ಆಗುವುದಿದ್ದರೆ ಮಾಡಿ, ಇಲ್ಲದಿದ್ದರೆ ನನ್ನ ಒತ್ತಾಯ ಇಲ್ಲ ಅಂತ. ನಮ್ಮಲ್ಲಿ ಮೂರು ಥರ ಬರೆಯುತ್ತಿದ್ದೆವು. 'ನಿಯಮಾನುಸಾರ ಕ್ರಮ ವಹಿಸಿ' ಎಲ್ಲರಿಗೂ. 'ಪರಿಶೀಲಿಸಿ, ಕೈಗೊಂಡ ಕ್ರಮದ ಬಗ್ಗೆ ತಿಳಿಸಿ' ಅಂತ ಬರೆದರೆ ಕಚೇರಿಯವರು ಉತ್ತರ ಕೊಡಬೇಕು. ಮೂರನೆಯದು ಬರೆಯುವುದೇ ಇಲ್ಲ, ಫೋನು. ಅರ್ಜಿ ಹಿಡಿದವರ ಎದುರಿಗೇ ತಹಸೀಲ್ದಾರರಿಗೆ ಫೋನು ಹೋಯ್ತು ಅಂದರೆ ಅದು ಬೇರೆ ಲೆಕ್ಕ.

ನಿಮ್ಮದು ಹೆಸರಿನ ವ್ಯತ್ಯಾಸ. ಅದನ್ನು ಎಮ್ಮೆಲ್ಲೆ ಬಿಟ್ಟು ಮುಖ್ಯಮಂತ್ರಿಯೇ ಬರೆದುಕೊಟ್ಟರೂ ದಾಖಲೆ ಇಲ್ಲದೆ ತಹಸೀಲ್ದಾರರು ಮಾಡುವ ಹಾಗಿಲ್ಲ. ಏನು ದಾಖಲೆ ಬೇಕು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಬೇಡ.

ಗೋಮಾಳ · ಮಂಗಳವಾರ ಮಧ್ಯಾಹ್ನ 1:22

ಅರಕಲಗೂಡು ಕಡೆಯವನು. ಶಾಸಕರ ಕೆಲಸ ಅಲ್ಲ, ಅಲ್ಲ ಅಂತೀರಲ್ಲ, ಬಗರ್ ಹುಕುಂ ಮಾತ್ರ ಕಾನೂನಿನ ಪ್ರಕಾರವೇ ಅವರ ಕೆಲಸ. ಸಕ್ರಮ ಸಮಿತಿಗೆ ಅವರು ಅಧ್ಯಕ್ಷರು, ತಹಸೀಲ್ದಾರ್ ಕಾರ್ಯದರ್ಶಿ. ಸಮಿತಿ ಕೂರದಿದ್ದರೆ ಅರ್ಜಿ ಕೊಳೆಯುತ್ತದೆ, ಅಷ್ಟೇ. ಸಕ್ರಮ ಮಾಡಿಕೊಡಿ ಅಂತ ನಮ್ಮಪ್ಪ ಫಾರಂ 53ರ ಅರ್ಜಿ ಹಾಕಿದ್ದರು. ನಾನು ಫಾರಂ 57 ಹಾಕಿದ್ದೇನೆ. ಅಪ್ಪನ ಕಾಲದಿಂದ ಅದೇ ಎರಡು ಎಕರೆ, ಅದೇ ಹುರುಳಿ, ಅದೇ ಭಯ. 'ಸಭೆ ಯಾವಾಗ?' ಅಂತ ಕೇಳಲು ನಾನು ಹೋದರೆ ಅದು ಬೇಡಿಕೊಳ್ಳುವುದಲ್ಲ. ನನ್ನ ಹಕ್ಕು.

ಸಭೆ ಕೂತರೂ ಎಲ್ಲರಿಗೂ ಸಿಗಲ್ಲ ಅನ್ನುವುದು ಗೊತ್ತು. ಪಟ್ಟಣಕ್ಕೆ ಹತ್ತಿರ ಇದೆ, ಗೋಮಾಳ ದನಕ್ಕೇ ಸಾಲದು, ಡೀಮ್ಡ್ ಅರಣ್ಯ (ಕಾಡು ಅಂತ ಪರಿಗಣಿಸಿದ ಜಾಗ) ಅಂತ ಕಾರಣ ಇರುತ್ತವೆ. ಇಲ್ಲ ಅಂದರೂ ಪರವಾಗಿಲ್ಲ, ಬೇಗ ಇಲ್ಲ ಅನ್ನಲಿ.

ಕಣದಲ್ಲಿ ಕಾಫಿ · ಮಂಗಳವಾರ ಸಂಜೆ 6:40

ಗೋಮಾಳ ಅಣ್ಣನ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಮ್ಮ ಹಾಸನ, ಚಿಕ್ಕಮಗಳೂರು, ಕೊಡಗಿನ ಕಡೆ ಸರ್ಕಾರಿ ಜಾಗದಲ್ಲಿ ಕಾಫಿ ಹಾಕಿಕೊಂಡವರು ಎಷ್ಟೋ ಜನ. ಅದನ್ನು 30 ವರ್ಷ ಗುತ್ತಿಗೆಗೆ ಕೊಡಬಹುದು ಅಂತ ಆಗಿದ್ದು ಯಾರದೋ ಅಂಗಳದಲ್ಲಿ ಅಲ್ಲ. ಭೂಕಂದಾಯ ಕಾಯ್ದೆಗೆ ಸದನದಲ್ಲಿ ತಿದ್ದುಪಡಿ ಆಗಿದ್ದರಿಂದ. ಅದು ಸರಿಯೋ ತಪ್ಪೋ, ದೊಡ್ಡ ತೋಟದವರಿಗೆ ಅನುಕೂಲವೋ ಸಣ್ಣವರಿಗೋ ಅಂತ ಜಗಳ ಆಡಬಹುದು. ನಮ್ಮ ಶಾಸಕರು ಆವತ್ತು ಏನು ಮಾತಾಡಿದರು ಅಂತ ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ನಾನಂತೂ ನೋಡಿಲ್ಲ. ಆ ವಾರ ರೋಬಸ್ಟಾ ರೇಟು ನೋಡುತ್ತಿದ್ದೆ.

ಆನೆ ವಿಷಯ ಬೇರೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಯಾರೇ ಶಾಸಕರಾದರೂ ರಾತ್ರಿ ಫೋನು ಆಫ್ ಮಾಡುವ ಹಾಗಿಲ್ಲ. 2022ರಲ್ಲಿ ಹಾಸನ, ಚಿಕ್ಕಮಗಳೂರಿಗೆಲ್ಲಾ ಆನೆ ಕಾರ್ಯಪಡೆ ಅಂತ ಮಾಡಿದರು. ಆನೆ ಎಲ್ಲಿದೆ ಅಂತ ಮೆಸೇಜು ಬರುತ್ತದೆ, ಅದು ಒಳ್ಳೆಯದೇ. ಆದರೆ ಕೆಲಸಕ್ಕೆ ಹೋದ ಆಳು ತೋಟದಲ್ಲಿ ಸತ್ತ ದಿನ ಜನಕ್ಕೆ ಅರಣ್ಯ ಇಲಾಖೆಯವರು ಬಂದರೆ ಸಾಲದು, ಎಮ್ಮೆಲ್ಲೆ ಬರಲೇಬೇಕು. ಹೆಣ ಎತ್ತಲು ಬಿಡಲ್ಲ. ಅದೇ 2022ರ ನವೆಂಬರಿನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರಿನಲ್ಲಿ ಆನೆ ದಾಳಿಗೆ ಹೆಂಗಸೊಬ್ಬರು ಸತ್ತಾಗ ಅಲ್ಲಿಗೆ ಹೋದ ಶಾಸಕರ ಬಟ್ಟೆ ಹರಿದು ಕಳಿಸಿದ್ದು ನೆನಪಿದೆಯಲ್ಲ. ಹೋಗದಿದ್ದರೆ ಬೈಗುಳ, ಹೋದರೆ ಹೀಗೆ. ಆ ಕೆಲಸ ನನಗೆ ಕೊಟ್ಟರೂ ಬೇಡ.

ಬಿಸಿಲೆ ಗಾಳಿ · ಮಂಗಳವಾರ ಸಂಜೆ 6:52

ಕೊಟ್ಟರೆ ಬೇಡ ಅನ್ನುವವರು ಟಿಕೆಟ್ ಕೊಡುವ ದಿನ ಎಲ್ಲಿರುತ್ತಾರೋ 😄

ಸೀಮೆಸುಣ್ಣ · ಮಂಗಳವಾರ ರಾತ್ರಿ 8:30

ಕೊಪ್ಪದ ಕಡೆಯವನು, ಶಿಕ್ಷಕನಾಗಿದ್ದು ನಿವೃತ್ತನಾದವನು. ಪಕ್ಕದ ಜಿಲ್ಲೆಯವನು ತಲೆ ಹಾಕಿದೆ ಅಂದುಕೊಳ್ಳಬೇಡಿ.

ನಮ್ಮ ಕಡೆ ಎಚ್.ಜಿ. ಗೋವಿಂದೇಗೌಡರು ಅಂತ ಇದ್ದರು. ಶೃಂಗೇರಿ ಕ್ಷೇತ್ರದ ಶಾಸಕರು, 1994ರ ನಂತರದ ಸರ್ಕಾರದಲ್ಲಿ ಶಿಕ್ಷಣ ಸಚಿವರು. ಅವರ ಕಾಲದಲ್ಲಿ ರಾಜ್ಯದಲ್ಲಿ ಶಿಕ್ಷಕರ ನೇಮಕಾತಿ ದೊಡ್ಡ ಪ್ರಮಾಣದಲ್ಲಿ ಆಯ್ತು. ಅಂಕದ ಮೇಲೆ. ನನಗೆ ಕೆಲಸ ಸಿಕ್ಕಿದ್ದು ಆಗಲೇ. ನಮ್ಮ ತಂದೆ ಎರಡು ಎಮ್ಮೆ ಮಾರಿ ದುಡ್ಡು ಇಟ್ಟುಕೊಂಡಿದ್ದರು, ಯಾರಿಗಾದರೂ ಕೊಡಬೇಕಾಗುತ್ತದೆ ಅಂತ. ಆದೇಶ ಅಂಚೆಯಲ್ಲಿ ಬಂತು. ತಂದೆ ಒಂದು ವಾರ ನಂಬಲೇ ಇಲ್ಲ. ಕೊನೆಗೆ ಆ ದುಡ್ಡಿನಲ್ಲಿ ಒಂದು ಎಮ್ಮೆ ವಾಪಸ್ಸು ತಂದರು, ಉಳಿದದ್ದರಲ್ಲಿ ನನಗೆ ಸೈಕಲ್ಲು.

ನಾನು ಗೋವಿಂದೇಗೌಡರ ಮನೆ ಅಂಗಳಕ್ಕೆ ಒಂದು ದಿನವೂ ಹೋಗಿಲ್ಲ. ಹೋಗುವ ಅಗತ್ಯವೇ ಬರದ ಹಾಗೆ ನಿಯಮ ಇತ್ತು. ನಿಮ್ಮ ನಲವತ್ಮೂರು ಜನರ ಲೆಕ್ಕ ಓದಿದಾಗಿನಿಂದ ಇದೇ ತಲೆಯಲ್ಲಿ ಓಡುತ್ತಿದೆ.

ಮೂರನೇ ವಾರ್ಡು · ಮಂಗಳವಾರ ರಾತ್ರಿ 9:02

ಮೇಷ್ಟ್ರೇ, ಓದಿ ಖುಷಿಯಾಯ್ತು. ಆದರೆ ನಿಯಮ ಚೆನ್ನಾಗಿದ್ದರೂ ಜಾರಿ ಮಾಡುವವರು ಕೂತಿರಬೇಕಲ್ಲ. ಸಕಾಲ ಕಾಯ್ದೆ 2012ರಿಂದ ಜಾರಿಯಲ್ಲಿದೆ. ಇಷ್ಟು ದಿನದಲ್ಲಿ ಕೆಲಸ ಆಗಬೇಕು ಅಂತ ಬೋರ್ಡು ಹಾಕಿರುತ್ತಾರೆ. ಬೋರ್ಡಿನ ಕೆಳಗೇ ಜನ ಕಾಯುತ್ತಿರುತ್ತಾರೆ. ಅಲ್ಲಿವರೆಗೆ ಅಂಗಳ ಬೇಡ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಸೀಮೆಸುಣ್ಣ · ಮಂಗಳವಾರ ರಾತ್ರಿ 9:10

ಅಂಗಳ ಬೇಡ ಅಂದಿಲ್ಲ ತಾಯಿ. ಅಂಗಳ ತುಂಬಿದ್ದನ್ನೇ ಜನಪ್ರಿಯತೆ ಅಂತ ಎಣಿಸುತ್ತಾರಲ್ಲ, ಅದು ನನಗೆ ಸರಿಕಾಣದು. ಬಾಗಿಲ ಮುಂದೆ ಜನ ಕಡಿಮೆಯಾದರೆ ಶಾಸಕರಿಗೇ ಗಾಬರಿಯಾಗುತ್ತದೆ. ಹಾಗಿರುವಾಗ ಕಚೇರಿ ಸರಿ ಮಾಡುವ ಆತುರ ಯಾರಿಗಿರುತ್ತದೆ?

ಹಳೇ ಪಿಎ · ಮಂಗಳವಾರ ರಾತ್ರಿ 9:45

ಮೇಷ್ಟ್ರು ಹೇಳಿದ್ದು ಚುಚ್ಚಿತು. ನಿಜ. ಒಂದು ಸೋಮವಾರ ಹದಿನೈದೇ ಜನ ಬಂದಿದ್ದರು. ಸಾಹೇಬರು ನನ್ನನ್ನು ಕರೆದು, 'ಯಾಕಯ್ಯಾ, ಏನಾದರೂ ಮಾತು ಹಬ್ಬಿದೆಯಾ?' ಎಂದು ಕೇಳಿದ್ದರು. ಆವತ್ತು ಊರಲ್ಲಿ ಸಾವಾಗಿತ್ತು ಅಷ್ಟೇ.

ಕೊನೆ ಬೆಂಚು · ಬುಧವಾರ ಬೆಳಗ್ಗೆ 10:15

ಶಾಸಕರ ನಿಧಿ ಬಗ್ಗೆ ಯಾರೂ ಬರೆದಿಲ್ಲ. ವರ್ಷಕ್ಕೆ 2 ಕೋಟಿ ಇರುತ್ತದಲ್ಲ, ಅದನ್ನು ಹೇಗೆ ಬೇಕಾದರೂ ಖರ್ಚು ಮಾಡಬಹುದಾ?

ಬೆಲ್ಲು ಹೊಡೀತು · ಬುಧವಾರ ಮಧ್ಯಾಹ್ನ 2:05

ಇಲ್ಲ. ನಾನು ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ಉಪನ್ಯಾಸಕಿ. ಕಾಲೇಜು ಅಭಿವೃದ್ಧಿ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ಹಾಗಾಗಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ದುಡ್ಡು ಶಾಸಕರ ಕೈಗೆ ಬರಲ್ಲ, ಜಿಲ್ಲಾಧಿಕಾರಿಗಳ ಹತ್ತಿರ ಇರುತ್ತದೆ. ಶಾಸಕರು ಈ ಕೆಲಸಕ್ಕೆ ಇಷ್ಟು ಕೊಡಿ ಅಂತ ಪತ್ರ ಬರೆಯುತ್ತಾರೆ. ಆಮೇಲೆ ಎಂಜಿನಿಯರ್ ಬಂದು ಅಂದಾಜು ಪಟ್ಟಿ, ಆಡಳಿತಾತ್ಮಕ ಮಂಜೂರಾತಿ, ಅದಾದ ಮೇಲೆ ಏಜೆನ್ಸಿಗೆ ಕೆಲಸ, ದುಡ್ಡು ಕಂತಿನಲ್ಲಿ. ನಮಗೆ ಎರಡು ಕೊಠಡಿಗೆ ಪತ್ರ ಸಿಕ್ಕಿದ್ದು ಒಂದು ಬೇಸಿಗೆಯಲ್ಲಿ. ಪಾಯ ತೆಗೆದದ್ದು ಮುಂದಿನ ಬೇಸಿಗೆಯಲ್ಲಿ. ಅಷ್ಟರಲ್ಲಿ ಜಲ್ಲಿ, ಸಿಮೆಂಟಿನ ರೇಟು ಏರಿ ಎರಡು ಕೊಠಡಿ ಒಂದೂವರೆ ಆಯ್ತು. ಹಾಸ್ಯ ಅಲ್ಲ, ಎರಡನೆಯದರ ಗೋಡೆ ಎದ್ದಿದೆ, ಸೂರು ಇಲ್ಲ. ಕಾಮರ್ಸ್ ಹುಡುಗರು ಅಲ್ಲಿ ಸೈಕಲ್ ನಿಲ್ಲಿಸುತ್ತಾರೆ.

2 ಕೋಟಿ ಕೇಳಲು ದೊಡ್ಡದು. ಕ್ಷೇತ್ರದಲ್ಲಿ 200 ಹಳ್ಳಿ ಅಂತ ಇಟ್ಟುಕೊಂಡರೂ ಹಳ್ಳಿಗೆ ಒಂದು ಲಕ್ಷ. ಒಂದು ದೇವಸ್ಥಾನದ ಮುಂದೆ ಕಾಂಕ್ರೀಟ್ ಹಾಕಿಸಿದರೆ ಮುಗಿಯಿತು.

ನಮ್ಮ ಸಮಿತಿ ಸಭೆ ವರ್ಷಕ್ಕೆ ಎಷ್ಟು ಸಲ ಕೂರುತ್ತದೆ ಅಂತ ಮಾತ್ರ ಕೇಳಬೇಡಿ.

ಹಳೇ ಪಿಎ · ಬುಧವಾರ ಸಂಜೆ 7:30

ಕೊನೆ ಬೆಂಚಿನವರೇ, ನಿಮ್ಮ ಶಾಸಕರು ಕೆಲಸದವರಾ ಅಂತ ತಿಳಿಯಬೇಕಾದರೆ ನಿಧಿಗಿಂತ ಕೆಡಿಪಿ ಸಭೆ ನೋಡಿ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ಕೇಳುವ ಸಭೆ. ಮೂರು ತಿಂಗಳಿಗೊಮ್ಮೆ ತಾಲ್ಲೂಕು ಮಟ್ಟದಲ್ಲಿ ಅವರ ಅಧ್ಯಕ್ಷತೆಯಲ್ಲೇ ನಡೆಯುವುದು. ಕೃಷಿಯಿಂದ ಹಿಡಿದು ಅಬಕಾರಿವರೆಗೆ ಎಲ್ಲಾ ಅಧಿಕಾರಿಗಳು ಇರುತ್ತಾರೆ. ಟೀವಿಯಲ್ಲಿ ಬರುವುದು ಬೈದದ್ದು ಮಾತ್ರ. ಬೈಯುವುದು ಸುಲಭ. ಹಿಂದಿನ ಸಭೆಯ ಅನುಪಾಲನಾ ವರದಿ ಅಂತ ಒಂದಿರುತ್ತದೆ, ಹೋದ ಸಲ ಒಪ್ಪಿಕೊಂಡದ್ದರಲ್ಲಿ ಏನು ಮಾಡಿದಿರಿ ಅಂತ. ಅದನ್ನು ಸಾಲು ಸಾಲಾಗಿ ಓದಿಸುವ ಶಾಸಕರ ಮುಂದೆ ಅಧಿಕಾರಿಗಳು ಬೆವರುತ್ತಾರೆ. ಕೂಗಾಡುವವರ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾರೆ, ಆಮೇಲೆ ಕ್ಯಾಂಟೀನಿಗೆ ಹೋಗಿ ನಗುತ್ತಾರೆ.

ಇನ್ನೊಂದು ಸದನದ ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರ ಕೊಡಬೇಕು, ಚುಕ್ಕೆ ಇಲ್ಲದ್ದಕ್ಕೆ ಬರವಣಿಗೆಯಲ್ಲಿ. ವಿಧಾನಸಭೆಯ ಜಾಲತಾಣದಲ್ಲಿ ಪ್ರಶ್ನೋತ್ತರ ಕನ್ನಡದಲ್ಲೇ ಸಿಗುತ್ತದೆ. ಒಮ್ಮೆ ನಮ್ಮ ಹೋಬಳಿಯ ಆಸ್ಪತ್ರೆಗೆ ವೈದ್ಯರಿಲ್ಲ ಅಂತ ಪ್ರಶ್ನೆ ಹಾಕಿದ್ದೆವು. ಉತ್ತರ ಬರುವ ಮೊದಲೇ ವೈದ್ಯರು ಬಂದರು! ಸದನದಲ್ಲಿ 'ಹುದ್ದೆ ಭರ್ತಿಯಾಗಿದೆ' ಅಂತ ಹೇಳಬೇಕಲ್ಲ, ಅದಕ್ಕೆ. ನಲವತ್ಮೂರು ಅರ್ಜಿಗಿಂತ ಆ ಒಂದು ಪ್ರಶ್ನೆ ಜಾಸ್ತಿ ಕೆಲಸ ಮಾಡಿತು. ಊರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಚುನಾವಣೆ ನಾವು ಸೋತೆವು.

ಕಣದಲ್ಲಿ ಕಾಫಿ · ಬುಧವಾರ ಸಂಜೆ 7:41

ಮದುವೆಗೆ ಹೋಗಿರಲಿಲ್ಲ ಅನ್ಸುತ್ತೆ.

ಹಳೇ ಪಿಎ · ಬುಧವಾರ ಸಂಜೆ 7:44

ಹೋಗಿದ್ದೆವು ಮಾರಾಯ್ರೇ. ಊಟ ಮಾಡಿರಲಿಲ್ಲ.

ಹೇಮಾವತಿ ದಂಡೆ · ಮುಂದಿನ ವಾರ, ಗುರುವಾರ ರಾತ್ರಿ 8:55

ತಡವಾಗಿ ಬರೆಯುತ್ತಿದ್ದೇನೆ. ಪಿಎ ಸಾರ್ ಹೇಳಿದ ಹಾಗೆ ಬೇಕಾದ ದಾಖಲೆಗಳನ್ನು ಕಾಗದದ ಮೇಲೆ ಬರೆದುಕೊಡಿ ಎಂದು ಕೇಳಿದೆ. ಕೇಸ್ ವರ್ಕರ್ ಒಂದು ಸಲ ನನ್ನ ಮುಖ ನೋಡಿದರು, ಬರೆದುಕೊಟ್ಟರು. ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಅಫಿಡವಿಟ್, ವಂಶವೃಕ್ಷ, ಊರಿನಲ್ಲಿ ಗ್ರಾಮ ಆಡಳಿತಾಧಿಕಾರಿ ಮಾಡುವ ಮಹಜರು. ಇಷ್ಟೇ. ಇದನ್ನು ಮೊದಲ ಸಲವೇ ಹೇಳಿದ್ದರೆ ಏಳು ಸಲದ ಪೆಟ್ರೋಲು ಉಳಿಯುತ್ತಿತ್ತು. ಮಹಜರು ಮೊನ್ನೆ ಆಯ್ತು, ಅರಳಿಕಟ್ಟೆಯಲ್ಲಿ ಐದು ಜನ ಸಹಿ ಹಾಕಿದರು. ಇನ್ನು ತಕರಾರು ಇದ್ದರೆ ಹೇಳಿ ಅಂತ ಹಾಕುವ ನೋಟಿಸಿನ ಅವಧಿ ಮುಗಿಯಬೇಕು.

ಎಮ್ಮೆಲ್ಲೆ ಸಹಿ ಹಾಕಿದ ಅರ್ಜಿಯನ್ನು ಯಾರೂ ಕೇಳಲಿಲ್ಲ, ನಾವೂ ಕೊಡಲಿಲ್ಲ. ಅದನ್ನು ದೊಡ್ಡಮ್ಮ ಲ್ಯಾಮಿನೇಷನ್ ಮಾಡಿಸು ಅಂತಿದ್ದಾರೆ.

ಇವತ್ತು ಸಂಜೆ ತೋಟದಿಂದ ಒಂದು ಗೊನೆ ರಸಬಾಳೆ ಇಳಿಸಿ ಹಿತ್ತಲ ಬಾಗಿಲಲ್ಲಿ ಇಟ್ಟಿದ್ದಾರೆ. 'ಸೋಮವಾರ ಬೆಳಗ್ಗೆ ಹೋಗಿ ಕೊಟ್ಟು ಬರೋಣ' ಅಂದರು. 'ಕೆಲಸ ಮಾಡಿಕೊಟ್ಟಿದ್ದು ಅವರಲ್ಲ ದೊಡ್ಡಮ್ಮ' ಅಂದೆ. 'ಗೊತ್ತು ಕಣೋ. ಜಮೀನು ಅಳೆಸಿ ಬೇರೆ ಮಾಡಿಸುವ ಪೋಡಿ ಕೆಲಸ ಇನ್ನೂ ಬಾಕಿ ಇದೆಯಲ್ಲ, ಮುಖ ಪರಿಚಯ ಇರಲಿ' ಅಂದರು.